ಹೋಯ್ ಆನ್‌ನಲ್ಲಿ ಹಳೇ ಮನೆಯ ಹೋಟೆಲ್: ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕುವೆಂಪುನಗರ_ಕಿಟ್ಟಿ

ಎಲ್ಲರಿಗೂ ನಮಸ್ಕಾರ. ಈ ಸಲ ದಸರಾ ರಜೆಗೆ ವಿಯೆಟ್ನಾಂಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಮೈಸೂರಿನವರಿಗೆ ಗೊತ್ತಿರುತ್ತದೆ, ಆ ಹತ್ತು ದಿನ ಊರೊಳಗೆ ಗಾಡಿ ಓಡಿಸುವುದಕ್ಕಿಂತ ಬೇರೆ ದೇಶಕ್ಕೆ ಹೋಗುವುದೇ ಸುಲಭ. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ಜೊತೆಗೆ ಅಮ್ಮ. ಅಮ್ಮನಿಗೆ 70 ದಾಟಿದೆ. ಮಟ್ಟಸವಾದ ರಸ್ತೆಯಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮಂಡಿ ಹಿಡಿದುಕೊಳ್ಳುತ್ತಾರೆ. ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಮೊದಲು ಹನೋಯ್, ಆಮೇಲೆ ಹೋಯ್ ಆನ್. ಹೋಯ್ ಆನ್‌ನಲ್ಲಿ ಹಳೇ ಕಾಲದ ವ್ಯಾಪಾರಿಗಳ ಮನೆಯನ್ನೇ ಹೋಟೆಲ್ ಮಾಡಿರುವ ಕಡೆ ಉಳಿಯಬೇಕು ಅಂತ ನನ್ನ ಹಟ. ಮರದ ಕಂಬ, ನಡುವೆ ಅಂಗಳ, ಹೆಂಚಿನ ಮಾಡು. ಫೋಟೋ ನೋಡಿಯೇ ಮರುಳಾಗಿದ್ದೇನೆ. ಹೆಂಡತಿ ಮಾತ್ರ "ಲಿಫ್ಟ್ ಇರುವ ಹೊಸ ಹೋಟೆಲ್ ಮಾಡಿ, ಹಳೇ ಮನೆಯನ್ನು ಟಿಕೆಟ್ ತಗೊಂಡು ನೋಡಿ ಬಂದರಾಯಿತು" ಅನ್ನುತ್ತಾಳೆ. ಒಂದು ರೂಮಿಗೆ ದಿನಕ್ಕೆ ಮೂರು ಸಾವಿರ ರೂಪಾಯಿ ಒಳಗೆ ಆಗಬೇಕು. ಇಂಥ ಕಡೆ ನಿಜವಾಗಿ ಮಲಗಿ ಎದ್ದು ಬಂದವರು ಯಾರಾದರೂ ಇದ್ದೀರಾ? ಬಾತ್‌ರೂಮ್ ಹೇಗೆ, ಸೊಳ್ಳೆ ಹೇಗೆ, ರಾತ್ರಿ ನಿದ್ದೆ ಬರುತ್ತದಾ?

ಪುಟ್ಟೇನಹಳ್ಳಿ_ಪ್ರಯಾಣಿಕ

ಹೆಂಡತಿ ಮಾತು ಕೇಳಿ. ಪ್ರಶ್ನೆ ಮುಗಿಯಿತು.

ಸಾಗರದ_ಸೊಸೆ

ಕಿಟ್ಟಿ ಅವರೇ, ಮೊದಲು ತಿಂಗಳ ವಿಷಯ ಮಾತಾಡೋಣ. ಹೋಟೆಲ್ ಆಮೇಲೆ.

ಮಧ್ಯ ವಿಯೆಟ್ನಾಂನಲ್ಲಿ ಮಳೆಗಾಲ ನಮ್ಮ ಹಾಗೆ ಜೂನ್‌ನಲ್ಲಿ ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹಿಡಿದುಕೊಂಡರೆ ಡಿಸೆಂಬರ್‌ವರೆಗೆ. ಅದರಲ್ಲೂ ಜೋರು ಅಕ್ಟೋಬರ್, ನವೆಂಬರ್. ನಿಮ್ಮ ದಸರಾ ರಜೆ ಸರಿಯಾಗಿ ಅಲ್ಲೇ ಹೋಗಿ ಬೀಳುತ್ತದೆ. ಹೋಯ್ ಆನ್ ಇರುವುದು ಥು ಬೋನ್ ನದಿಯ ದಡದಲ್ಲಿ, ಸಮುದ್ರಕ್ಕೆ ಸೇರುವ ಕಡೆ. ಮೇಲೆ ಬೆಟ್ಟದಲ್ಲಿ ಮಳೆ ಹೊಡೆದರೆ ನೀರು ಊರೊಳಗೆ ಬರುತ್ತದೆ. ನದಿಗೆ ಅಂಟಿಕೊಂಡ ಬಾಕ್ ಡಾಂಗ್ ರಸ್ತೆ ಮೊದಲು, ಅದರ ಹಿಂದಿನ ನ್ಗುಯೆನ್ ಥಾಯ್ ಹೋಕ್ ಆಮೇಲೆ, ಅದರ ಹಿಂದೆ ಟ್ರಾನ್ ಫು. ನ್ಗುಯೆನ್ ಥಾಯ್ ಹೋಕ್‌ನಲ್ಲಿ ತಾನ್ ಕೀ ಅನ್ನುವ ಹಳೇ ಮನೆಯಿದೆ, ಟಿಕೆಟ್ ತಗೊಂಡು ನೋಡುವಂಥದ್ದು. ಯಾವ ವರ್ಷ ನೀರು ಎಲ್ಲಿವರೆಗೆ ಬಂತು ಅಂತ ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದಾರೆ. 1964ರ ಗುರುತನ್ನು ಕತ್ತೆತ್ತಿ ನೋಡಬೇಕು.

ನಾವು ಹೋಗಿದ್ದೂ ಅಕ್ಟೋಬರ್ ಕೊನೆಯಲ್ಲೇ. ನಮ್ಮ ಯಜಮಾನರಿಗೆ ರಜೆ ಸಿಗುವುದು ಆಗ ಮಾತ್ರ, ರೂಮುಗಳೂ ಅಗ್ಗ. ಹಳೇ ಊರಿನ ಒಳಗೇ ಒಂದು ಹಳೇ ಅಂಗಡಿ ಮನೆ, ಮೇಲೆ ಕೆಳಗೆ ಸೇರಿ ಕೆಲವೇ ರೂಮು. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಬಂದ ದಿನ ನಮ್ಮ ರೂಮಿನ ಹೊರಗೆ, ಮಾಳಿಗೆಯ ಹಲಗೆ ನೆಲದಲ್ಲಿ ಒಂದು ಚೌಕ ಕಂಡಿತು. ಸುತ್ತ ಸಂದು, ಒಂದು ಕಡೆ ಕಬ್ಬಿಣದ ಬಳೆ. ಮೇಲೆ ಚಾಪೆ ಹಾಸಿದ್ದರು. ಹಳೇ ನೀರಿನ ತೊಟ್ಟಿ ಏನಾದರೂ ಇತ್ತೇನೋ ಅಂದುಕೊಂಡೆ.

ಒಂದು ಮಧ್ಯಾಹ್ನ ಮಳೆ ನಿಲ್ಲಲಿಲ್ಲ. ರಿಸೆಪ್ಷನ್ ಹುಡುಗಿ ಫೋನ್ ನೋಡಿದಳು, ಹಿಂದಿನ ಬಾಗಿಲಿಗೆ ಹೋಗಿ ಗಲ್ಲಿ ನೋಡಿದಳು, ಒಳಗೆ ಬಂದು ಯಾರಿಗೋ ಏನೋ ಕೂಗಿದಳು. ಐದು ನಿಮಿಷದಲ್ಲಿ ಚಾಪೆ ಸರಿಸಿ ಆ ಚೌಕದ ಹಲಗೆ ಎತ್ತಿದರು. ನೋಡಿದರೆ ಕೆಳಗಿನ ಹಾಲ್ ಕಾಣಿಸುತ್ತದೆ. ಮೇಲಿಂದ ಇಬ್ಬರು, ಕೆಳಗಿಂದ ಇಬ್ಬರು. ಹಗ್ಗ ಕಟ್ಟಿ ಮೊದಲು ಕಂಪ್ಯೂಟರ್, ಆಮೇಲೆ ಕುರ್ಚಿಗಳು, ಆಮೇಲೆ ಚಿಕ್ಕ ಫ್ರಿಜ್, ಒಂದೊಂದಾಗಿ ಮೇಲೆ ಬಂತು. ಗಾಬರಿ ಇಲ್ಲ, ಜಗಳ ಇಲ್ಲ. ಹಿಂದಿನ ಕಾಲದಲ್ಲಿ ದಾಲ್ಚಿನ್ನಿ, ಮೆಣಸು, ರೇಷ್ಮೆ ಎತ್ತುತ್ತಿದ್ದದ್ದು ಇದೇ ಕಿಂಡಿಯಿಂದ. ಅಲ್ಲಿನ ಎಷ್ಟೋ ವ್ಯಾಪಾರದ ಮನೆಗಳಲ್ಲಿ ಇದು ಇರುತ್ತದೆ. ಕೊನೆಯಲ್ಲಿ ಹಾಲ್‌ನಲ್ಲಿ ಉಳಿದದ್ದು ಹಿರಿಯರ ಪೂಜೆಯ ಪೀಠ ಮಾತ್ರ. ಅದು ಮೊದಲೇ ಎತ್ತರದಲ್ಲಿತ್ತು.

ನೀರು ಆ ರಾತ್ರಿ ಹೊಸ್ತಿಲು ದಾಟಿ ಮೊಣಕಾಲವರೆಗೆ ಬಂತು. ಕೆಳಗಿನ ರೂಮಿನಲ್ಲಿದ್ದ ವಯಸ್ಸಾದ ದಂಪತಿಯನ್ನು ಮೇಲಿನ ರೂಮಿಗೆ ಕಳಿಸಿದರು. ಅದು ಸರಿ. ಆದರೆ ಮಾರನೇ ದಿನ ಆ ರೂಮಿನ ಹೆಚ್ಚಿನ ಬಾಡಿಗೆ ಕೇಳಿದರು, ಅದು ತಪ್ಪು. ಹೆಸರು ಬರೆಯದಿರುವುದು ಅದಕ್ಕೇ, ಮಾಲೀಕರ ಮಾತನ್ನು ನಾನು ಕೇಳಿಲ್ಲವಲ್ಲ.

ಈಗ ನಿಮ್ಮ ಸಮಸ್ಯೆ ನೋಡಿ. ಮಂಡಿ ನೋವಿಗೆ ಕೆಳಗಿನ ರೂಮೇ ಬೇಕು. ಅಕ್ಟೋಬರ್‌ನಲ್ಲಿ ಕೆಳಗಿನ ರೂಮು ಬೇಡ. ಹಳೇ ಮನೆಗೆ ಲಿಫ್ಟ್ ಹಾಕಲು ಬಿಡುವುದಿಲ್ಲ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು ಅದು, ಮನೆಯವರೇ ಒಂದು ಗೋಡೆ ಬದಲಿಸಬೇಕಾದರೂ ಅನುಮತಿ ಬೇಕು. ಮೆಟ್ಟಿಲೋ, ಕಡಿದಾದ ಮರದ ಮೆಟ್ಟಿಲು. ನಾನು ಇಳಿಯುವಾಗ ಹಿಮ್ಮುಖವಾಗಿ ಇಳಿಯುತ್ತಿದ್ದೆ.

ಮನೆ ಹೇಗಿತ್ತು ಅಂತ ಕೇಳಿದ್ದೀರಲ್ಲ. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ತೊಟ್ಟಿ ಮನೆಯಲ್ಲಿ. ಹಾಗಾಗಿ ಮರದ ಕಂಬ ನೋಡಿ ಕಣ್ಣರಳಿಸುವ ಜಾತಿ ನಾನಲ್ಲ. ಅಲ್ಲಿಯೂ ಅದೇ ಲೆಕ್ಕ: ಮುಂದೆ ಅಂಗಡಿ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಹಿಂದೆ ಮನೆ, ಅದರ ಹಿಂದೆ ಅಡುಗೆ. ನದಿ ಕಡೆಯ ಮನೆಗಳಿಗೆ ಎರಡು ಬಾಗಿಲು, ಒಂದು ಬೀದಿಗೆ, ಒಂದು ದೋಣಿಯಿಂದ ಸಾಮಾನು ಇಳಿಸುವುದಕ್ಕೆ. ಕಂಬ ಮಣ್ಣಿಗೆ ತಾಗುವುದಿಲ್ಲ, ಕೆಳಗೆ ಕಲ್ಲಿನ ಪೀಠ ಇರುತ್ತದೆ. ಕೈಯಿಂದ ತಟ್ಟಿ ನೋಡಿ ಯಜಮಾನರು "ಇದು ಹಲಸು ಕಣೇ" ಅಂದರು. ಕೇಳಿದರೆ ಹೌದಂತೆ, ಅಲ್ಲಿನ ಹಳೇ ಮನೆಗಳಿಗೆ ಹಲಸಿನ ಮರ ತುಂಬಾ ಬಳಸಿದ್ದಾರೆ. ಗೆದ್ದಲು ಹಿಡಿಯುವುದು ಕಡಿಮೆ, ನೀರಿಗೂ ಜಗ್ಗುವುದಿಲ್ಲ. ಮಾಡಿಗೆ ನಾಡಹೆಂಚಿನ ತರಹದ ಬಾಗಿದ ಹೆಂಚು, ಒಂದು ಸಾಲು ಬೋರಲು, ಒಂದು ಸಾಲು ಅಂಗಾತ. ಮೇಲೆ ಪಾಚಿ, ಹುಲ್ಲು ಎಲ್ಲ ಬೆಳೆದಿರುತ್ತದೆ.

ನಿದ್ದೆ? ಮೇಲಿನವರು ನಡೆದರೆ ಕೆಳಗಿನವರಿಗೆ ಗೊತ್ತಾಗುತ್ತದೆ. ಪಕ್ಕದ ರೂಮಿನವರು ಚೈನ್ ಎಳೆದು ಬ್ಯಾಗ್ ಮುಚ್ಚಿದರೂ ಕೇಳುತ್ತದೆ. ಎಸಿ ಇದೆ, ಆದರೆ ಹಲಗೆ ಸಂದಿನಿಂದ ತಂಪು ಅರ್ಧ ಹೊರಗೆ ಹೋಗುತ್ತದೆ. ಸೊಳ್ಳೆ ಪರದೆ ಕೊಟ್ಟಿದ್ದರು, ಬೇಕೇ ಬೇಕು. ಬಟ್ಟೆ ಒಣಗಲಿಲ್ಲ, ಆದರೆ ಅದು ಮಳೆಗಾಲದ ತಪ್ಪು. ಬೆಳಗ್ಗೆ ಬೇಗನೆ ಬೀದಿ ಕಂಬದ ಸ್ಪೀಕರ್‌ನಲ್ಲಿ ಸರ್ಕಾರಿ ಸುದ್ದಿ, ಹಾಡು ಶುರುವಾಗುತ್ತದೆ. ಅದನ್ನು ನಿಲ್ಲಿಸುವುದು ಯಾವ ಹೋಟೆಲಿನ ಕೈಯಲ್ಲೂ ಇಲ್ಲ. ಬಾತ್‌ರೂಮ್ ಚೊಕ್ಕವಾಗಿತ್ತು. ಆದರೆ ಆಮೇಲೆ ಸೇರಿಸಿದ್ದಲ್ವಾ, ಪೈಪು ಹಾಯಿಸಲು ನೆಲ ಎತ್ತರಿಸಿದ್ದಾರೆ. ರೂಮಿನಿಂದ ಒಂದು ದೊಡ್ಡ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ನಿಮ್ಮ ಅಮ್ಮನಿಗೆ ರಾತ್ರಿ ಎದ್ದು ಹೋಗುವಾಗ ತೊಂದರೆ ಕೊಡುವುದು ಮಾಳಿಗೆ ಮೆಟ್ಟಿಲಲ್ಲ, ಇದು. ಇದನ್ನು ಯಾರೂ ಫೋಟೋದಲ್ಲಿ ಹಾಕುವುದಿಲ್ಲ.

ಇಷ್ಟೆಲ್ಲ ಬೈದ ಮೇಲೂ ನಾನು ಮತ್ತೆ ಅಂಥ ಮನೆಯಲ್ಲೇ ಉಳಿಯುತ್ತೇನೆ. ಮಳೆ ಹೊತ್ತಿನಲ್ಲಿ ಆ ಅಂಗಳದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಏಳಲು ಮನಸ್ಸು ಬರುವುದಿಲ್ಲ. ಆದರೆ ನನಗೆ ಮಂಡಿ ಸರಿ ಇದೆ.

ಗಾಂಧಿಬಜಾರ್_ಗಿರಾಕಿ

ಸಾಗರದವರು ಹೇಳಿದ್ದು ಸರಿ. ನಾನು ಹನೋಯ್ ಬಗ್ಗೆ ಮಾತ್ರ ಸೇರಿಸುತ್ತೇನೆ. ಅಕ್ಟೋಬರ್ ಹನೋಯ್‌ಗೆ ಒಳ್ಳೇ ತಿಂಗಳು. ಸೆಕೆ ಇಳಿದಿರುತ್ತದೆ, ಮಳೆಯೂ ಕಡಿಮೆ. ಒಂದೇ ದೇಶ, ಆದರೆ ಉತ್ತರದ ಹವೆ ಬೇರೆ, ಮಧ್ಯದ ಹವೆ ಬೇರೆ.

ಆದರೆ ಅಲ್ಲಿನ ಓಲ್ಡ್ ಕ್ವಾರ್ಟರ್‌ನಲ್ಲಿ 'ಹಳೇ ಮನೆ ಹೋಟೆಲ್' ಅಂತ ಬೋರ್ಡು ಹಾಕಿಕೊಂಡವುಗಳಲ್ಲಿ ಮುಕ್ಕಾಲು ಪಾಲು ಹಳೇ ಸೈಟಿನ ಮೇಲೆ ಕಟ್ಟಿದ ಹೊಸ ಕಾಂಕ್ರೀಟು. ಅಲ್ಲಿ ಸೈಟುಗಳೇ ವಿಚಿತ್ರ. ಬೀದಿಗೆ ಮೂರು ನಾಲ್ಕು ಮೀಟರ್ ಅಗಲ, ಒಳಗೆ ಹೋದರೆ ನಲವತ್ತು ಐವತ್ತು ಮೀಟರ್ ಉದ್ದ. ಕೊಳವೆ ಮನೆ ಅಂತಲೇ ಕರೆಯುತ್ತಾರೆ. ಹಾಗಾಗಿ ಬೀದಿ ಕಡೆ ಒಂದು ರೂಮಿಗೆ ಕಿಟಕಿ, ಹಿಂದಿನ ಒಂದಕ್ಕೆ ಕಿಟಕಿ, ನಡುವಿನದಕ್ಕೆ ಪರದೆ ಮಾತ್ರ. ಪರದೆ ಸರಿಸಿದರೆ ಗೋಡೆ! ನನಗೆ ಸಿಕ್ಕಿದ್ದು ಅಂಥದ್ದೇ ಒಂದು, ಬೆಳಗಾಗಿದೆಯೋ ಇಲ್ಲವೋ ಅಂತ ಫೋನ್ ನೋಡಿ ತಿಳಿದುಕೊಳ್ಳಬೇಕಿತ್ತು. ರಾತ್ರಿ ಹನ್ನೊಂದರ ಮೇಲೆ ಕೆಲಸದವರು ತಮ್ಮ ಸ್ಕೂಟರುಗಳನ್ನು ತಂದು ರಿಸೆಪ್ಷನ್ನಿನಲ್ಲೇ ನಿಲ್ಲಿಸುತ್ತಾರೆ. ತಡವಾಗಿ ಬಂದರೆ ಅವುಗಳ ನಡುವೆ ಅಡ್ಡಡ್ಡ ನುಸುಳಿ ಹೋಗಬೇಕು.

ನಿಜವಾದ ಹಳೇ ಕೊಳವೆ ಮನೆ ನೋಡಬೇಕು ಅಂದರೆ ಮಾ ಮೇ ಬೀದಿಯ 87ನೇ ನಂಬರ್. ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ 1990ರ ದಶಕದ ಕೊನೆಯಲ್ಲಿ ದುರಸ್ತಿ ಮಾಡಿ ತೆರೆದಿಟ್ಟಿದ್ದಾರೆ. ಟಿಕೆಟ್ ತೀರಾ ಕಡಿಮೆ. ಅಲ್ಲಿ ಅರ್ಧ ಗಂಟೆ ಕೂತು, ಮಲಗಲು ಲಿಫ್ಟ್ ಇರುವ ಹೊಸ ಹೋಟೆಲಿಗೆ ಬನ್ನಿ. ಹನೋಯ್ ಮಟ್ಟಿಗೆ ನಾನೂ ನಿಮ್ಮ ಮನೆಯವರ ಪಾರ್ಟಿ. ತಾ ಹಿಯೆನ್ ಬೀದಿಯ ಹತ್ತಿರ ಮಾತ್ರ ರೂಮು ಮಾಡಬೇಡಿ, ಬಿಯರ್ ಗದ್ದಲ ನಡುರಾತ್ರಿವರೆಗೆ.

ಕುವೆಂಪುನಗರ_ಕಿಟ್ಟಿ

ಸಾಗರದ ಅಕ್ಕ, ನಿಮ್ಮ ಉತ್ತರ ಮನೆಯಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಅಮ್ಮ ಹಲಸಿನ ಕಂಬದ ವಿಷಯ ಹಿಡಿದುಕೊಂಡಿದ್ದಾರೆ, "ನೀರು ಬಂದರೆ ಬರಲಿ ಬಿಡು" ಅನ್ನುತ್ತಿದ್ದಾರೆ. ಹೆಂಡತಿ ಬಾತ್‌ರೂಮ್ ಮೆಟ್ಟಿಲು ಹಿಡಿದುಕೊಂಡಿದ್ದಾಳೆ. ಮಗಳಿಗೆ ಆ ಕಿಂಡಿ ನೋಡಬೇಕಂತೆ.

ಹಾಗಾದರೆ ದಸರಾ ಬಿಟ್ಟು ಮಗಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಹೋದರೆ? ಆಗ ಕೆಳಗಿನ ರೂಮು ತಗೊಳ್ಳಬಹುದಲ್ವಾ? ನಿಜವಾದ ಹಳೇ ಮನೆ ಯಾವುದು, ವೇಷ ಹಾಕಿದ್ದು ಯಾವುದು ಅಂತ ಫೋಟೋದಲ್ಲಿ ಹೇಗೆ ಗುರುತಿಸುವುದು? ಊಟದ ವಿಷಯ ಯಾರೂ ಹೇಳಲಿಲ್ಲ.

ಸೈಗಾನ್_ಶೆಟ್ರು

ಊಟ ನಾನು ಹೇಳುತ್ತೇನೆ, ಇಲ್ಲೇ ಕೆಲಸದಲ್ಲಿದ್ದೇನೆ. 'ಚಾಯ್' ಅಂತ ಬೋರ್ಡು ಇರುವ ಹೋಟೆಲುಗಳು ಎಲ್ಲ ಊರಲ್ಲೂ ಇವೆ, ಬೌದ್ಧರ ಸಸ್ಯಾಹಾರ. ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ ಇಲ್ಲಿನ ಎಷ್ಟೋ ಜನ ಮಾಂಸ ಬಿಡುತ್ತಾರೆ, ಆ ದಿನ ಮಾಮೂಲಿ ಹೋಟೆಲುಗಳಲ್ಲೂ ಸಿಗುತ್ತದೆ. ಉಳಿದ ಕಡೆ ತರಕಾರಿ ಅಂತ ಕೊಟ್ಟಿದ್ದರಲ್ಲೂ ಮೀನಿನ ಸಾಸ್ ಬಿದ್ದಿರುತ್ತದೆ. ಹೋಯ್ ಆನ್‌ನ ಹೆಸರಾದ ಕಾವ್ ಲಾವ್ ಶಾವಿಗೆ ಹಂದಿ ಮಾಂಸದ್ದು, ಆದರೆ ಚಾಯ್ ಹೋಟೆಲುಗಳಲ್ಲಿ ತೋಫು ಹಾಕಿ ಮಾಡಿಕೊಡುತ್ತಾರೆ. ಹೋಟೆಲ್ ಬ್ರೇಕ್‌ಫಾಸ್ಟ್‌ನಲ್ಲಿ ಅಮ್ಮನಿಗೆ ಬ್ರೆಡ್, ಹಣ್ಣು ಗ್ಯಾರಂಟಿ, ಉಳಿದದ್ದು ಅದೃಷ್ಟ. ರೂಮಿನಲ್ಲಿ ಕೆಟಲ್ ಇರುತ್ತದೆ, ಅವಲಕ್ಕಿ, ಉಪ್ಪಿಟ್ಟು ಮಿಕ್ಸ್ ತಂದುಬಿಡಿ.

ದುಡ್ಡಿನ ವಿಷಯ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಲೆಕ್ಕ ಇಟ್ಟುಕೊಳ್ಳಿ. 20,000ದ ನೋಟೂ ನೀಲಿ, 500,000ದ ನೋಟೂ ನೀಲಿ. ಸಂಜೆ ಬೆಳಕಿನಲ್ಲಿ ಕೊಡುವಾಗ ಎರಡು ಸಲ ನೋಡಿ. 20,000ದ ನೋಟಿನ ಹಿಂದೆ ಇರುವುದು ಹೋಯ್ ಆನ್‌ನ ಜಪಾನಿ ಸೇತುವೆಯೇ. ದುರಸ್ತಿ ಮುಗಿಸಿ 2024ರ ಆಗಸ್ಟ್‌ನಲ್ಲಿ ಮತ್ತೆ ತೆರೆದಿದ್ದಾರೆ.

ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ ಸೈಟಿನಲ್ಲೇ ಮಾಡಿ. ಹುಡುಕಿದರೆ ಮೊದಲು ಬರುವುದೆಲ್ಲ ಏಜೆಂಟರ ಸೈಟು, ಎರಡು ಮೂರು ಪಟ್ಟು ಕೀಳುತ್ತಾರೆ. ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ವಿದೇಶಿಯರ ವಿವರವನ್ನು ಅವರು ಪೊಲೀಸರಿಗೆ ಕೊಡಲೇಬೇಕು. ಕೊಡಿ, ನೋಂದಣಿ ಆದ ಮೇಲೆ ವಾಪಸ್ ಕೇಳಿ ಇಸ್ಕೊಳ್ಳಿ. ಡ್ರಾಯರಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗೆ.

ಸಾಗರದ_ಸೊಸೆ

ಏಪ್ರಿಲ್ ಒಳ್ಳೇದು. ಫೆಬ್ರವರಿಯಿಂದ ಆಚೆ ಮಳೆ ಹಿಂದೆ ಸರಿದಿರುತ್ತದೆ, ಏಪ್ರಿಲ್‌ನಲ್ಲಿ ಬಿಸಿಲು ಇದ್ದರೂ ಮೈಸೂರಿನವರಿಗೆ ತಡೆಯುತ್ತದೆ. ಟೆಟ್, ಅಂದರೆ ಅವರ ಹೊಸ ವರ್ಷದ ಹಬ್ಬದ ವಾರ ಮಾತ್ರ ತಪ್ಪಿಸಿ, ಅದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ, ಅಂಗಡಿಗಳು ಮುಚ್ಚಿರುತ್ತವೆ, ರೂಮಿನ ದರ ಏರಿರುತ್ತದೆ. ಹುಣ್ಣಿಮೆ ಹಿಂದಿನ ದಿನ ಅಲ್ಲಿರುವ ಹಾಗೆ ಟಿಕೆಟ್ ಮಾಡಿ. ಚಾಂದ್ರಮಾನದ ಹದಿನಾಲ್ಕನೇ ರಾತ್ರಿ ಹಳೇ ಊರಿನಲ್ಲಿ ಕರೆಂಟ್ ದೀಪ ಕಡಿಮೆ ಮಾಡಿ ಕಂದೀಲು ಹಚ್ಚುತ್ತಾರೆ. ಜನ ಜಾಸ್ತಿ, ಆದರೂ ನೋಡಬೇಕು.

ಗುರುತಿಸುವುದು ಕಷ್ಟವಿಲ್ಲ. ಈಜುಕೊಳ ಇದೆಯಾ? ಹೊಸದು. ಲಿಫ್ಟ್ ಇದೆಯಾ? ಹೊಸದು. ನಾಲ್ಕು ಮಹಡಿ ಇದೆಯಾ? ಖಂಡಿತ ಹೊಸದು, ಹಳದಿ ಬಣ್ಣ ಬಳಿದು ಕಂದೀಲು ನೇತು ಹಾಕಿದ ಮಾತ್ರಕ್ಕೆ ಹಳೇದಾಗುವುದಿಲ್ಲ. ಫೋಟೋದಲ್ಲಿ ಮಾಡು, ಕಂಬದ ಬುಡ ಎರಡನ್ನು ನೋಡಿ. ಬಾಗಿದ ಹೆಂಚು ಮತ್ತು ಕಲ್ಲಿನ ಮೇಲೆ ನಿಂತ ಕಂಬ ಇದ್ದರೆ ನಂಬಬಹುದು. ವಿಳಾಸ ಟ್ರಾನ್ ಫು, ನ್ಗುಯೆನ್ ಥಾಯ್ ಹೋಕ್ ಆಸುಪಾಸಿನಲ್ಲಿ ಇರಬೇಕು. ಅಲ್ಲಿ ಮೂರು ಸಾವಿರದೊಳಗೆ ಸಿಗುವುದು ಸ್ವಲ್ಪ ಕಷ್ಟ, ಇರುವುದೇ ಕೆಲವು. ಎರಡು ರಾತ್ರಿ ಅಲ್ಲಿ ಖರ್ಚು ಮಾಡಿ, ಉಳಿದದ್ದು ಹೊರಗಿನ ಲಿಫ್ಟ್ ಹೋಟೆಲಿನಲ್ಲಿ. ನಿಮ್ಮ ಮನೆಯವರಿಗೂ ಸಮಾಧಾನ.

ಇನ್ನೊಂದು. ಹಳೇ ಊರಿನ ಬೀದಿಗಳಿಗೆ ಕಾರು ಬರುವುದಿಲ್ಲ, ದಿನದ ಕೆಲವು ಹೊತ್ತು ಸ್ಕೂಟರೂ ಇಲ್ಲ. ಡನಾಂಗ್ ಏರ್‌ಪೋರ್ಟಿನಿಂದ ಮೂವತ್ತು ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಬಂದು ಅಂಚಿನಲ್ಲಿ ಇಳಿಯಬೇಕು. ಬ್ಯಾಗ್ ಹೊರಲು ಹುಡುಗನನ್ನು ಕಳಿಸಿ ಅಂತ ಮೊದಲೇ ಹೇಳಿ. ಊರಿನ ಹಳೇ ಮನೆಗಳನ್ನು ನೋಡುವ ಟಿಕೆಟ್ ನಾವು ಹೋದಾಗ ವಿದೇಶಿಯರಿಗೆ 120,000 ಡಾಂಗ್ ಇತ್ತು.

ಅಮ್ಮನನ್ನು ಮೀ ಸನ್‌ಗೂ ಕರೆದುಕೊಂಡು ಹೋಗಿ, ನಲವತ್ತು ಕಿಲೋಮೀಟರ್ ಆಗಬಹುದು. ಆ ಸೀಮೆಯನ್ನು ಹಿಂದೆ ಆಳಿದ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವ ದೇವಾಲಯಗಳು. 1969ರಲ್ಲಿ ಅಮೆರಿಕದ ಬಾಂಬಿಗೆ ಎಷ್ಟೋ ಬಿದ್ದುಹೋದವು. ಕೆಲವನ್ನು ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ದುರಸ್ತಿ ಮಾಡಿದ್ದಾರೆ, 2020ರಲ್ಲಿ ಕೆಲಸ ಮಾಡುವಾಗ ಒಂದೇ ಕಲ್ಲಿನ ಶಿವಲಿಂಗವೂ ಸಿಕ್ಕಿತು. ಪೋಲೆಂಡಿನ ಆರ್ಕಿಟೆಕ್ಟ್ ಕ್ವಿಯಾಟ್ಕೋವ್‌ಸ್ಕಿ ಮೊದಲು ಬಂದದ್ದು ಈ ದೇವಾಲಯಗಳಿಗಾಗಿ, ಹೋಯ್ ಆನ್ ಮನೆಗಳನ್ನು ಉಳಿಸಬೇಕು ಅಂತ ಹಟ ಹಿಡಿದವರಲ್ಲಿ ಅವರೂ ಒಬ್ಬರು. ಊರಿನಲ್ಲಿ ಅವರ ಸ್ಮಾರಕ ಇದೆ. ಅದಕ್ಕೂ ಮುಂಚೆ ಊರನ್ನು ಉಳಿಸಿದ್ದು ಬಡತನ ಅನ್ನಬೇಕು. ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗು ಬರದ ಹಾಗಾಯಿತು, ವ್ಯಾಪಾರ ಡನಾಂಗ್‌ಗೆ ಹೋಯಿತು, ಹಳೇದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ಕಾಸಿರಲಿಲ್ಲ.

ರೂಮು ಬುಕ್ ಮಾಡುವ ಮುಂಚೆ ಹೋಟೆಲಿಗೆ ಮೇಲ್ ಬರೆಯಿರಿ. ಕೆಳಗಿನ ರೂಮು ಬೀದಿ ಕಡೆಯದಾ, ಅಂಗಳದ ಹಿಂದಿನದಾ ಅಂತ ಕೇಳಿ, ಹಿಂದಿನದನ್ನೇ ತಗೊಳ್ಳಿ. ಮುಂದಿನದರಲ್ಲಿ ಬೆಳಗ್ಗೆ ಅಂಗಡಿಯ ಹಲಗೆ ಬಾಗಿಲು ಒಂದೊಂದಾಗಿ ತೆಗೆಯುವ ಸದ್ದಿಗೆ ಎಚ್ಚರವಾಗುತ್ತದೆ. ಕಿಟಕಿ ಇದೆಯಾ ಕೇಳಿ. ಬಾತ್‌ರೂಮ್ ಬಾಗಿಲಿನ ಫೋಟೋ ಕಳಿಸಿ ಅನ್ನಿ, ನೆಲವೂ ಕಾಣಬೇಕು ಅಂತ ಒತ್ತಿ ಹೇಳಿ. ಕಳಿಸದಿದ್ದರೆ ಆ ಹೋಟೆಲ್ ಬಿಟ್ಟು ಇನ್ನೊಂದು ನೋಡಿ. ಮಗಳಿಗೆ ಕಿಂಡಿ ತೋರಿಸುವುದಕ್ಕೆ ರೂಮೇ ಬೇಕಾಗಿಲ್ಲ, ಟಿಕೆಟ್ ಇಟ್ಟ ಮನೆಗಳಲ್ಲೂ ಇದೆ, ಕೇಳಿದರೆ ಮನೆಯವರು ತೋರಿಸುತ್ತಾರೆ.